ಕಸವೂ ಅವರದೇ

“ಬಿಚ್ಚೇ ಚೀಲಾನ, ಕಳ್ಳ ಮುಂಡೆ!”

ವಾಚ್‌ಮನ್ ನನ್ನ ಚೀಲ ಕಿತ್ತುಕೊಂಡು ಗೇಟಿನ ಎದುರೇ ಕೊಡವಿದ. ಬಿದ್ದದ್ದೇನು ಮಹಾ? ಊಟದ ಡಬ್ಬಿ, ಹಳೇ ಬಟ್ಟೆ ತುಂಡು, ಮುದುಡಿದ ಒಂದಷ್ಟು ಹಾಳೆ. ಡಾಕ್ಟರ್ ಓದಿಗೆ ಸೇರಲು ಬರೆಯುವ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವ ಕೋಚಿಂಗ್ ಸೆಂಟರ್ ಅದು. ಅಲ್ಲಿ ಗುಡಿಸಿ ಕಕ್ಕಸು ತೊಳೆಯುವವಳು ನಾನು. ಉತ್ತರ ತಪ್ಪಾದರೆ ಆ ಮಕ್ಕಳು ಸಿಟ್ಟಿಗೆ ಹಾಳೆ ಮುದುಡಿ ಬುಟ್ಟಿಗೆ ಎಸೆಯುತ್ತಿದ್ದರು. ಅವನ್ನೇ ನಾನು ಮನೆಗೆ ಒಯ್ಯುತ್ತಿದ್ದೆ.

ಸೆಂಟರಿನ ಯಜಮಾನ ಕಾರಿನಿಂದ ಇಳಿದ. ಎಲ್ಲರಿಗೂ ಅವನು ದೊಡ್ಡ ಸರ್. ಬೂಟಿನ ತುದಿಯಿಂದ ಒಂದು ಹಾಳೆ ಹೊರಳಿಸಿ ನೋಡಿದ.

“ಯಾರಿಗೇ ಮಾರ್ತಿದ್ದೀಯ?”

“ಮಾರೋದೆಲ್ಲಿ ಬಂತು ಸರ್, ನನ್ನ ಮಗಳು ಓದ್ಕೊಳ್ತಾಳೆ. ಹೇಗೂ ಕಸಕ್ಕೆ ಹಾಕಿದ್ದು ತಾನೆ?”

“ಕಸ ಆದ್ರೂ ಅದು ಸೆಂಟರಿಂದು, ನಿಮ್ಮಪ್ಪನ ಮನೇದಲ್ಲ. ಕಕ್ಕಸು ತೊಳೆಯೋಳ ಮಗಳು ಡಾಕ್ಟರಂತೆ! ಯಾರ ನಾಡಿ ಹಿಡೀತಾಳೆ, ನಾಯೀದಾ?”

ಸುತ್ತ ನಿಂತಿದ್ದವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಹೊಟ್ಟೆಪಾಡು ನೋಡಿ, ಹಾಳೆ ಅಲ್ಲೇ ಬಿಟ್ಟು ಡಬ್ಬಿ ಎತ್ತಿಕೊಂಡೆ.

ಅಷ್ಟು ಹೊತ್ತಿಗಾಗಲೇ ಮನೆಯಲ್ಲಿ ಹಾಸಿಗೆಯ ಕೆಳಗೆಲ್ಲ ಹಾಳೆಯೇ ಇತ್ತು. ಮಗಳು ಅವನ್ನು ಅಲ್ಲಿಟ್ಟು, ಮೇಲೆ ಮಲಗಿ, ಸುಕ್ಕು ತೆಗೆಯುತ್ತಿದ್ದಳು. ಅದೆಲ್ಲ ತಪ್ಪು ಉತ್ತರ ಕಣೇ, ಅದನ್ನು ಓದಿ ಏನು ಉದ್ಧಾರ ಆಗ್ತೀಯ ಅಂತ ನಾನು ರೇಗಿದ್ದೆ.

“ಸರಿಯಾಗಿದ್ದನ್ನ ಯಾರೂ ಎಸೆಯಲ್ಲ ಕಣಮ್ಮ. ಅವರು ಎಲ್ಲಿ ಎಡವಿದ್ರು ಅಂತ ಗೊತ್ತಾದ್ರೆ, ನಾನು ಅಲ್ಲಿ ನೋಡ್ಕೊಂಡು ಕಾಲಿಡ್ತೀನಿ” ಅಂದಿದ್ದಳು.

ಹೊಸ ಹಾಳೆ ನಿಂತುಹೋಯಿತು. ಅವಳ ಓದು ನಿಲ್ಲಲಿಲ್ಲ. ಆಮೇಲೆ ಸೆಂಟರಿನವರು ಜನ ಸೆಳೆಯಲು, ಯಾರು ಬೇಕಾದರೂ ಬಂದು ಬರೆಯಬಹುದು ಅಂತ ಒಂದು ಪುಕ್ಕಟೆ ಪರೀಕ್ಷೆ ಇಟ್ಟರು. ಇವಳೂ ಹೋಗಿ ಬರೆದಳು. ಕಾಸು ಸುರಿದು ಓದುತ್ತಿದ್ದವರನ್ನೆಲ್ಲ ಹಿಂದೆ ಹಾಕಿ ಮೊದಲು ಬಂದಳು ನನ್ನ ಕೂಸು!

ದೊಡ್ಡ ಸರ್ ನನ್ನನ್ನು ಒಳಗೆ ಕರೆದ. “ಕೂತ್ಕೊಳಮ್ಮಾ” ಅಂದ. ಆ ಕುರ್ಚಿಯನ್ನು ದಿನಾ ಒರೆಸಿದ್ದೆ, ಯಾವತ್ತೂ ಕೂತಿರಲಿಲ್ಲ. ಅವತ್ತೂ ಕೂರಲಿಲ್ಲ.

“ನಿನ್ನ ಮಗಳನ್ನ ಕ್ಲಾಸಿಗೆ ಸೇರಿಸ್ಕೋತೀವಿ. ಫೀಸಿಲ್ಲ. ಒಂದು ಫೋಟೋ ತೆಗೆಸ್ಕೋಬೇಕು, ಮೊದಲಿಂದ ಇಲ್ಲೇ ಓದಿದ್ದು ಅನ್ನಬೇಕು. ಅಷ್ಟೇ.”

ಮನೆಗೆ ಹಾರಿಕೊಂಡೇ ಹೋದೆ. ಮಗಳ ಮುಖ ಅರಳಲಿಲ್ಲ.

“ಸುಳ್ಳು ಹೇಳಬೇಕಲ್ಲಮ್ಮ. ಒಬ್ಬಳೇ ಓದಿದ್ದು ನಾನು.”

“ಸುಳ್ಳು ಹೇಳಿದ್ರೆ ನಾಲಿಗೆ ಬಿದ್ದೋಗುತ್ತಾ? ಒಬ್ಬಳೇ ಓದಿ ದಡ ಸೇರ್ತೀಯಾ, ಹೇಳು ನೋಡೋಣ.”

ಅವಳು ಹಾಸಿಗೆಯ ಕೆಳಗಿಂದ ಒಂದು ಹಾಳೆ ಎಳೆದು ನೋಡಿದಳು. “ಫಿಸಿಕ್ಸ್ ಒಬ್ಬಳೇ ಓದಿದ್ರೆ ನನಗೆ ಹತ್ತಲ್ಲ. ಈ ಸಲ ಹೇಗೋ ಆಯ್ತು. ದೊಡ್ಡ ಪರೀಕ್ಷೇಲಿ ಆಗಲ್ಲ. ಕೇಳೋಕೆ ಒಬ್ಬರು ಬೇಕು.”

“ಮತ್ತೆ? ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ಕೋಬೇಡ ಕಣೇ ತಾಯಿ.”

ಒಪ್ಪಿಸಿದವಳು ನಾನೇ.

ಫೋಟೋದ ದಿನ ಇದ್ದುದರಲ್ಲಿ ಒಳ್ಳೇ ಬಟ್ಟೆ ಹಾಕಿಸಿ ಕರೆದುಕೊಂಡು ಹೋದೆ. ಪುಸ್ತಕ ಕೊಟ್ಟು ನಿಲ್ಲಿಸುತ್ತಾರೆ ಅಂದುಕೊಂಡಿದ್ದೆವು. ದೊಡ್ಡ ಸರ್ ನಮ್ಮನ್ನು ನಡೆಸಿದ್ದು ಕಕ್ಕಸಿಗೆ. ಫೋಟೋದವನು ಅಲ್ಲೇ ಕಾಯುತ್ತಿದ್ದ.

“ನೀನು ತೊಳೆಯೋ ಬ್ರಶ್ ಅವಳ ಕೈಗೆ ಕೊಡು. ಕಕ್ಕಸು ತೊಳೀತಿದ್ದೋಳನ್ನ ಡಾಕ್ಟರ್ ಮಾಡಿದ್ವಿ ಅಂತ ಬೋರ್ಡ್ ಹಾಕಿದ್ರೆ ಊರೇ ತಿರುಗಿ ನೋಡ್ಬೇಕು!”

“ತೊಳೆಯೋದು ನಮ್ಮಮ್ಮ ಸರ್. ನಾನು ಓದೋಳು” ಅಂದಳು ಮಗಳು.

“ಎಲ್ಲಾ ಒಂದೇ ಜಾತಿ ಕೆಲಸ. ಹಿಡ್ಕೋ. ಸೀಟು ಬೇಕೋ ಬೇಡ್ವೋ?”

ಮಗಳು ನನ್ನ ಮುಖ ನೋಡಿದಳು. ಆಮೇಲೆ ಕೈ ಚಾಚಿ ಬ್ರಶ್ ಹಿಡಿದಳು. ಆ ಕೈ ಅದನ್ನು ಮುಟ್ಟಬಾರದು ಅಂತಲೇ ನಾನು ಇಷ್ಟು ವರ್ಷ ಮುಟ್ಟಿದ್ದು.

“ಇನ್ನೂ ಬಗ್ಗೇ” ಅಂತ ಅವನು ಅವಳ ಕುತ್ತಿಗೆಗೆ ಕೈ ಹಾಕಿ ಅದುಮಿದ.

ಮೂಲೆಯಲ್ಲಿದ್ದ ಕಕ್ಕಸಿನ ಬುಟ್ಟಿ ಎತ್ತಿಕೊಂಡೆ. ಯಾರ ಯಾರ ರಕ್ತದ ಬಟ್ಟೆಯೋ, ಉಗುಳೋ, ಎಲ್ಲ ಅದರಲ್ಲಿತ್ತು. ನೇರ ಅವನ ಕೋಣೆಗೆ ನುಗ್ಗಿ ಗಾಜಿನ ಮೇಜಿನ ಮೇಲೆ ಬುಟ್ಟಿ ಬೋರಲು ಹಾಕಿದೆ. ಅವನು ಬೊಬ್ಬೆ ಹಾಕುತ್ತಾ ಹಿಂದೆಯೇ ಓಡಿ ಬಂದ, ಅವನ ಹಿಂದೆ ಮಗಳು.

“ಕಸಾನೂ ಸೆಂಟರಿಂದೇ ಅಂದ್ಯಲ್ಲೋ ಬೇವರ್ಸಿ. ತಗೋ. ಒಂದು ಚೂರೂ ಕದ್ದಿಲ್ಲ, ಎಣಿಸ್ಕೋ!”

ಮಗಳ ತೋಳು ಹಿಡಿದು ಹೊರಟೆ. ಗೇಟಿನಲ್ಲಿ ವಾಚ್‌ಮನ್ ಅಡ್ಡ ನಿಂತ. “ಏಯ್, ಆ ಬ್ರಶ್ ಸೆಂಟರಿಂದು!”

ಆಗಲೇ ನಾವಿಬ್ಬರೂ ನೋಡಿದ್ದು, ಅದು ಇನ್ನೂ ಅವಳ ಕೈಯಲ್ಲೇ ಇತ್ತು. ಅವಳು ತಿರುಗಿ ಒಳಗೆ ಹೋದಳು. ಅವಸರ ಮಾಡದೆ, ಅಲ್ಲಿ ನಿಂತಿದ್ದ ದೊಡ್ಡ ಸರ್ ಕಾರಿನ ಮುಂದಿನ ಗಾಜಿನ ವೈಪರಿಗೆ ಆ ಬ್ರಶ್ ಸಿಕ್ಕಿಸಿ ಬಂದಳು.

ರಸ್ತೆಗೆ ಬಂದ ಮೇಲೆ ಕೇಳಿದೆ, “ಫಿಸಿಕ್ಸಿಗೆ ಏನೇ ಮಾಡ್ತೀಯ?”

“ಗೊತ್ತಿಲ್ಲಮ್ಮ” ಅಂದಳು. ದಾರಿಯುದ್ದಕ್ಕೂ ಬ್ರಶ್ ಹಿಡಿದಿದ್ದ ಆ ಕೈಯನ್ನು ಮೈಗೆ ತಾಗಿಸದೆ ದೂರ ಹಿಡಿದುಕೊಂಡೇ ನಡೆದಳು.