ನೋಡಲು ಹೋದವರು

ವ್ಯಾನಿನ ಕೊನೆಯ ಕಿಟಕಿಗೆ ಒಂದು ಹಸಿರು ಪರದೆ ಇತ್ತು. ಬಿಸಿಲಿಗೆ ಬಣ್ಣ ಬಿಟ್ಟು, ಬೇಯಿಸಿದ ಸೊಪ್ಪಿನ ಹಾಗಾಗಿದ್ದ ಪರದೆ. ವ್ಯಾನು ಯಾವುದಾದರೂ ಊರೊಳಗೆ ಬಂದು ನಿಂತ ಕೂಡಲೇ ಜವರಮ್ಮತ್ತೆ ಅದನ್ನು ಎಳೆದುಕೊಳ್ಳುತ್ತಿದ್ದಳು. ಎಷ್ಟು ಎಳೆದರೂ ಅಂಚಿನಲ್ಲಿ ಬೆರಳಗಲ ಸಂದು ಉಳಿಯುತ್ತಿತ್ತು. ಆ ಸಂದಿನಲ್ಲಿ ಅವಳ ಒಂದು ಕಣ್ಣು. ದಕ್ಷಿಣದ ಆ ಪ್ರವಾಸವನ್ನು ನೆನೆದಾಗಲೆಲ್ಲ ಗೋಪುರಗಳಿಗಿಂತ, ಸಮುದ್ರಕ್ಕಿಂತ ಮೊದಲು ನನಗೆ ಕಾಣುವುದು ಆ ಕಣ್ಣು.

ಅತ್ತೆ ಅಪ್ಪನ ಅಕ್ಕ. ಮದುವೆಯಾಗಿರಲಿಲ್ಲ, ನಮ್ಮ ಜೊತೆಯಲ್ಲೇ ಇದ್ದಳು. ಎರಡು ಕೈಗಳ ಮೇಲೂ ತುಟಿಯ ಒಂದು ಕೊನೆಯಲ್ಲೂ ತೊನ್ನಿನ ಬಿಳಿ ಮಚ್ಚೆಗಳಿದ್ದವು. ಊರಿನಲ್ಲಿ ಅದು ಯಾರಿಗೂ ಮಚ್ಚೆಯಾಗಿ ಕಾಣುತ್ತಿರಲಿಲ್ಲ. ನಾಟಿಯ ದಿನ ಆಳುಗಳಿಗೆಲ್ಲ ಮುದ್ದೆ ಕಟ್ಟುತ್ತಿದ್ದವಳು ಅವಳೇ. ಅವಳ ಕೈಯ ಮುದ್ದೆಯಲ್ಲಿ ಗಂಟು ಹುಡುಕುವುದಕ್ಕಿಂತ ಮಜ್ಜಿಗೆಯಲ್ಲಿ ಮುಳ್ಳು ಹುಡುಕಬಹುದು ಎನ್ನುತ್ತಿದ್ದರು.

ಹೊರಟವರು ದೊಡ್ಡಪ್ಪ, ಅಪ್ಪ, ಅವ್ವ, ಅತ್ತೆ ಮತ್ತು ನಾನು. ಯಜಮಾನಿಕೆ ದೊಡ್ಡಪ್ಪನದು. ತಂಗುವ ಜಾಗ ಆರಿಸುವುದಂತೂ ಬೇರೆ ಯಾರೂ ಕೈಹಾಕದ ಅವನ ಕೆಲಸ. ಲಾಡ್ಜು ನೋಡುವುದೆಂದರೆ ಅವನಿಗೆ ಎತ್ತು ಕೊಳ್ಳುವಷ್ಟೇ ಗಂಭೀರ. ನಲ್ಲಿಯ ನೀರನ್ನು ಬಾಯಿಗೆ ಹಾಕಿ ಮುಕ್ಕಳಿಸಿ ಉಗಿಯುತ್ತಿದ್ದ. ಮಂಚದ ಕಾಲು ಅಲ್ಲಾಡಿಸುತ್ತಿದ್ದ. ಮಲಗಿದರೆ ತಲೆ ಯಾವ ದಿಕ್ಕಿಗೆ ಬರುತ್ತದೆಂದು ನೋಡುತ್ತಿದ್ದ. ಕೊನೆಗೆ ಹಿತ್ತಲಿಗೆ ಹೋಗಿ ಒಂದು ಸುತ್ತು ಹಾಕಿ ಬರುತ್ತಿದ್ದ. ಒಳ್ಳೆಯ ಕೆಲಸಕ್ಕೆ ಮೂವರು ಹೋಗಬಾರದೆಂದು ಅಪ್ಪನೊಬ್ಬನನ್ನೇ ಜೊತೆಗೆ ಕರೆದುಕೊಳ್ಳುತ್ತಿದ್ದ.

"ಹೆಣ್ಣು ನೋಡಕ್ಕೆ ಹೋದಂಗೆ ಹೋಯ್ತಾರೆ ನೋಡು," ಎಂದು ಅವ್ವ ನಗುತ್ತಿದ್ದಳು. "ಲಾಡ್ಜಿನೋರು ಉಪ್ಪಿಟ್ಟು ಕೊಡ್ನಿಲ್ಲ ಅಂತ ಮುನಿಸ್ಕೊಂಡು ಬಂದಾರು."

ನಾನೂ ನಗುತ್ತಿದ್ದೆ. ಆ ವರ್ಷ ನಮ್ಮ ಮನೆಯಲ್ಲಿ ನನಗೆ ಗಂಡು ಹುಡುಕುವ ಮಾತು ಶುರುವಾಗಿತ್ತು, ಆದ್ದರಿಂದ ನಗು ಸ್ವಲ್ಪ ಹೆಚ್ಚೇ ಬರುತ್ತಿತ್ತು. ಅತ್ತೆ ಮಾತ್ರ ನಗುತ್ತಿರಲಿಲ್ಲ. ಪಾತ್ರೆಪಡಗ ಕಾಯುವುದಕ್ಕಾಗಿ ಅವಳು ರಾತ್ರಿಯೂ ವ್ಯಾನಿನಲ್ಲೇ ಉಳಿಯುತ್ತಾಳೆಂದು ನಾನು ತಿಳಿದಿದ್ದೆ. ಮೊದಲ ಊರಿನ ಛತ್ರದಲ್ಲಿ ಇಳಿಸಿದ್ದ ಸಾಮಾನನ್ನು ಮತ್ತೆ ವ್ಯಾನಿಗೆ ಏರಿಸಿದಾಗ, "ತಿಗಣೆ ಕಾಟ ಕಣವ್ವ," ಎಂದಿದ್ದ ದೊಡ್ಡಪ್ಪ. ಅದನ್ನೂ ನಂಬಿದ್ದೆ.

ನದಿ ದಂಡೆಯ ಊರು ಮುಟ್ಟಿದಾಗ ಮಧ್ಯಾಹ್ನದ ಬಿಸಿಲು ಇನ್ನೂ ಇಳಿದಿರಲಿಲ್ಲ. ದೊಡ್ಡಪ್ಪ ಅಪ್ಪನೊಡನೆ ಹೋಗಿ, ಮುಖ ಅರಳಿಸಿಕೊಂಡು ಬಂದ.

"ಜವರೀ, ದೇವ್ರು ಕಣ್ಬುಟ್ಟ. ನೀರು ಸೀಯಾಗಿ ಅದೆ, ಗಾಳಿ ಬತ್ತದೆ. ಹಿತ್ಲಾಗೆ ಒಂದು ಬಾಗ್ಲೂ ಅದೆ. ನಾವು ಮುಂದ್ಲಿಂದ ಹೋಗಿ ಸಾಮಾನು ಇಳಿಸ್ಕತೀವಿ. ನೀನು ಹೊತ್ತು ಮುಳುಗ್ತಲೂ ಸೆರಗು ಹೊದ್ಕೊಂಡು ಹಿಂದ್ಲಿಂದ ಬಂದ್ಬುಡು."

ದೊಡ್ಡಪ್ಪ ಪ್ರತಿ ಊರಿನಲ್ಲೂ ಹಿತ್ತಲು ಸುತ್ತುತ್ತಿದ್ದುದು ಏಕೆಂದು ಆಗ ನನಗೆ ಹೊಳೆಯಿತು.

ಪರದೆಯ ಸಂದು ಅಗಲವಾಯಿತು. "ನಾ ಬರಕಿಲ್ಲ ಕಣಣ್ಣ," ಎಂದಳು ಅತ್ತೆ.

"ಯಾಕಮ್ಮಣ್ಣಿ? ಎಲ್ಲಾ ನಿನ್ನ ಒಳ್ಳೇದಕ್ಕೇ ಅಲ್ವಾ ಮಾಡ್ತಿರದು? ಪರ ಊರಿನ ಜನ ನಿನ್ನ ಒಂದು ಮಾತು ಅಂದ್ಬುಟ್ರೆ ನಾ ತಡ್ಕೊಂಡೇನಾ?" ದೊಡ್ಡಪ್ಪನ ದನಿಯಲ್ಲಿ ನೋವಿತ್ತು. ಅವನು ಸುಳ್ಳು ಹೇಳುತ್ತಿರಲಿಲ್ಲ.

"ಗೊತ್ತು. ಅದಕ್ಕೇ ಇಲ್ಲಿಗಂಟ ಬಾಯ್ಮುಚ್ಕೊಂಡು ಕುಂತಿದ್ದೆ." ಅತ್ತೆ ನನ್ನ ಕಡೆ ತಿರುಗಿದಳು. "ಆ ಛತ್ರದಲ್ಲಿ ಇದ್ದದ್ದು ತಿಗಣೆ ಅಲ್ಲ ಮಗ. ನಾನು. ನನ್ನ ಕೈ ನೋಡಿ ಎಬ್ಬಿಸಿದ್ರು."

ಅತ್ತೆ ಪರದೆಯನ್ನು ಹಿಡಿದು ಜಗ್ಗಿದಳು. ಅದು ದಾರದ ಸಮೇತ ಕಿತ್ತುಬಂತು. ಅದರಲ್ಲೇ ಮುಖದ ಬೆವರು ಒರೆಸಿಕೊಂಡು, ಸೀಟಿನ ಮೇಲೆ ಎಸೆದು, ಕೆಳಗಿಳಿದಳು. ಆ ಸೆಕೆಯಲ್ಲೂ ಮುಂಗೈವರೆಗೆ ತೊಟ್ಟಿದ್ದ ರವಿಕೆಯ ತೋಳನ್ನು ಮೊಣಕೈವರೆಗೆ ಮಡಿಸಿದಳು.

"ಈ ಊರಲ್ಲಿ ಜಾಗ ನೋಡೋಳು ನಾನು. ಬಾ ಮಗ, ನಾಳೆ ಊರಿಗೋದ್ರೆ ನಿನ್ನ ನೋಡಕ್ಕೆ ಬತ್ತಾರೆ. ಅದಕ್ಕೂ ಮುಂಚೆ, ನೋಡದು ಹೆಂಗೆ ಅಂತ ನೀನು ಕಲ್ತ್ಕೊ."

ದೊಡ್ಡಪ್ಪ ಒಪ್ಪಿ ಬಂದಿದ್ದ ಲಾಡ್ಜಿಗೇ ನಾವಿಬ್ಬರೂ ಹೋದೆವು, ಮುಂಬಾಗಿಲಿನಿಂದ. ಮೇಜಿನ ಹಿಂದೆ ಕುಳಿತವನು ನಮ್ಮ ಕಡೆಯ ಯಾತ್ರಿಕರನ್ನು ಕಂಡು ಕಂಡು ನಮ್ಮ ಮಾತು ಕಲಿತವನು. "ಬನ್ನಿ, ಬನ್ನಿ," ಎಂದು ನಕ್ಕ. ಅತ್ತೆ ಎರಡು ಕೈಗಳನ್ನೂ ಮೇಜಿನ ಮೇಲಿಟ್ಟಳು. ಅವನ ನಗು ನಿಂತುಹೋಯಿತು.

"ರೂಮು ಇಲ್ಲಮ್ಮ. ಎಲ್ಲ ಭರ್ತಿ."

"ಈಗ ತಾನೇ ನಮ್ಮಣ್ಣ ನೋಡ್ಕೊಂಡು ಬಂದ್ನಲ್ಲ?"

"ಅದಾದ ಮೇಲೆ ಬೇರೆಯವರು ಬಂದುಬಿಟ್ಟರು."

ಅತ್ತೆ ಅವನ ಬೆನ್ನ ಹಿಂದಿನ ಹಲಗೆಯನ್ನು ನೋಡಿದಳು. "ಹಂಗಾರೆ ಅಲ್ಲಿ ನೇತಾಡ್ತಿರೋವು ಬೀಗದ ಕೈಯೋ, ಹುಣಸೆಕಾಯೋ?"

ಅವನು ದನಿ ತಗ್ಗಿಸಿದ. "ನನಗೇನಿಲ್ಲಮ್ಮ. ಬೇರೆ ಜನ ಇರ್ತಾರೆ, ಬಚ್ಚಲು ಒಂದೇ. ಅಂಟುತ್ತೆ ಅಂತ ಹೆದರ್ತಾರೆ."

"ಈ ಹುಡುಗಿ ಹುಟ್ಟಿದಾಗ್ಲಿಂದ ನನ್ನ ಕೈ ತುತ್ತು ತಿಂದೋಳು." ಅತ್ತೆ ನನ್ನನ್ನು ಮುಂದಕ್ಕೆ ತಳ್ಳಿದಳು. "ನೋಡು, ಒಲೆ ಮೇಲಿನ ಬಾಣಲಿ ಹಂಗವಳೆ. ಎಲ್ಲಾರ ಒಂದು ಕಡೆ ಬೆಳ್ಳಗಾಗವಳಾ?"

ಕಪ್ಪು ಎಂದು ನನ್ನ ಮದುವೆಯ ಮಾತಿನಲ್ಲಿ ಎಲ್ಲರೂ ನಿಟ್ಟುಸಿರು ಬಿಡುತ್ತಿದ್ದ ನನ್ನ ಬಣ್ಣಕ್ಕೆ ಅವತ್ತು ಮೊದಲ ಸಲ ಬೆಲೆ ಬಂತು. ನಾನು ತಲೆಯೆತ್ತಿ ನಿಂತೆ. ಆತ ಕಣ್ಣು ತಗ್ಗಿಸಿದ.

ಅತ್ತೆ ಸುಮ್ಮನೆ ಹೊರಡಲಿಲ್ಲ. ಅವನು ನೋಡುತ್ತಿದ್ದಂತೆಯೇ ಒಳಗೆ ನಡೆದು, ತೊಟ್ಟಿಯ ಪಕ್ಕದ ನಲ್ಲಿ ತಿರುಗಿಸಿ, ಬೊಗಸೆ ನೀರನ್ನು ಬಾಯಿಗೆ ಹಾಕಿ ಮುಕ್ಕಳಿಸಿ ಉಗಿದಳು. ನಾನೂ ಒಂದು ಗುಟುಕು ಕುಡಿದೆ. ತಣ್ಣಗೆ, ಸಿಹಿಯಾಗಿತ್ತು.

ತಿರುಗಿ ಬಂದು, "ನೀರು ಸರಿಗಿಲ್ಲ ಕಣಪ್ಪ," ಎಂದಳು. "ನಮಗೆ ಒಗ್ಗಕಿಲ್ಲ. ನಿನ್ನ ಲಾಡ್ಜು ನಮಗೆ ಬ್ಯಾಡ."

ಬೀದಿಗೆ ಬಂದ ಮೇಲೆ ಕೇಳಿದೆ: "ನೀರು ಚೆನ್ನಾಗೇ ಇತ್ತಲ್ಲತ್ತೆ?"

"ಇತ್ತು. ನಮ್ಮನೆ ಬಾವಿ ನೀರೂ ಚೆಂದಾಗೇ ಇತ್ತು." ಅವಳು ನಡೆಯುತ್ತಲೇ ಹೇಳಿದಳು. "ನನ್ನ ನೋಡಕ್ಕೆ ಗಾಡಿ ಕಟ್ಕೊಂಡು ಬಂದಿದ್ರು. ನಾನು ಚೊಂಬಲ್ಲಿ ನೀರು ಕೊಟ್ಟೆ. ಈಸ್ಕೊಳ್ಳುವಾಗ ಅವರ ಹಿರೀಕ ಕೈ ನೋಡ್ದ. ಬಾಯಿ ಬಿಟ್ಟು ಅನ್ನನಿಲ್ಲ. ಉಂಡು, ಅಡಕೆಲೆ ಹಾಕ್ಕೊಂಡು, ಗಾಡಿ ಹತ್ತಿದ ಮ್ಯಾಕೆ, 'ನಿಮ್ಮೂರ ನೀರು ನಮಗೆ ಒಗ್ಗಕಿಲ್ಲ' ಅಂದ. ನಮ್ಮಪ್ಪ ಹಸುವಿನಂಥೋನು. ನಿಜ ಅಂದ್ಕೊಂಡು ಬಾವಿಗೆ ಆಳು ಇಳಿಸಿ ಹೂಳೆಲ್ಲ ತೆಗೆಸ್ದ. ಸುಣ್ಣ ಹಾಕಿಸ್ದ. ಮತ್ತೆ ಬತ್ತಾರೆ ಅಂತ ಕಾಯ್ದ."

ಇಷ್ಟು ಹೇಳಿ, ಅತ್ತೆ ಆಗಲೇ ಮುಂದಿನ ಲಾಡ್ಜಿನ ಬೋರ್ಡು ನೋಡುತ್ತಿದ್ದಳು.

ಎರಡನೆಯ ಲಾಡ್ಜಿನವನು ಎಲೆಯಡಿಕೆ ಜಗಿಯುತ್ತಿದ್ದ. ಅತ್ತೆಯ ಕೈ ನೋಡಿದ, ಮುಖ ನೋಡಿದ. "ಎಷ್ಟು ಜನ?" ಎಂದವನೇ ಬೀಗದ ಕೈ ಕೊಟ್ಟ. ನನಗೆ ಹೋದ ಜೀವ ಬಂದಂತಾಯಿತು. ಅತ್ತೆ ರೂಮಿಗೆ ಹೋಗಿ ಮಂಚ ಅಲ್ಲಾಡಿಸಿದಳು, ಕಿಟಕಿ ತೆರೆದಳು. ಹೊರಗೆ ಕೈಗೆಟುಕುವಷ್ಟು ಹತ್ತಿರದಲ್ಲಿ ಪಕ್ಕದ ಮನೆಯ ಗೋಡೆ.

"ಬ್ಯಾಡ," ಎಂದಳು.

"ಅತ್ತೆ! ಕೊಡ್ತೀನಿ ಅಂದ್ರಲ್ಲ!"

"ಒಪ್ಪಿದ್ರಲ್ಲ ಸಾಕು ಅಂತ ಕತ್ತು ಬಗ್ಸದಾದ್ರೆ ನೋಡಕ್ಕೆ ಯಾಕೆ ಬರ್ಬೇಕಿತ್ತು?" ಕೆಳಗೆ ಬಂದು ಬೀಗದ ಕೈಯನ್ನು ಮರಳಿಸಿದಳು. "ಬೇಜಾರು ಮಾಡ್ಕೊಬ್ಯಾಡ ಕಣಪ್ಪ. ನೀನು ಒಳ್ಳೇನು. ನಿನ್ನ ಕಿಟಕಿ ಒಳ್ಳೇದಲ್ಲ."

ಅವನು ಜಗಿಯುವುದನ್ನು ನಿಲ್ಲಿಸಿ ಜೋರಾಗಿ ನಕ್ಕುಬಿಟ್ಟ.

ನಕ್ಕವನು ಅವನೊಬ್ಬನೇ. ವ್ಯಾನಿನ ಬಳಿಗೆ ಮರಳಿದಾಗ ಸುದ್ದಿ ಕೇಳಿ ದೊಡ್ಡಪ್ಪ ಕಿಡಿಕಿಡಿಯಾದ. "ಸಿಕ್ಕಿದ್ದನ್ನೂ ಬುಟ್ಟು ಬಂದಾ? ನಿನ್ನ ಹಟಕ್ಕೆ ನಾವೆಲ್ಲ ಬೀದೀಲಿ ಮಲಗ್ಬೇಕಾ?"

"ಮಲಗಾನ ಬುಡು," ಎಂದಳು ಅತ್ತೆ. "ಬೀದಿಗೆ ಹಿಂಬಾಗ್ಲಿಲ್ಲ."

ಅಪ್ಪ ವ್ಯಾನು ಹತ್ತಿ, ಹಾಸಿಗೆ ಸುರುಳಿಯನ್ನು ಹೊರಗೆಳೆದು ತಲೆಯ ಮೇಲಿಟ್ಟುಕೊಂಡ. "ನಡಿಯಕ್ಕ. ನೀನು ತೋರಿಸಿದ ಕಡೆ," ಎಂದ. ಅವ್ವ ಸ್ಟವ್ ಎತ್ತಿಕೊಂಡಳು. ತಟ್ಟೆ ಲೋಟಗಳನ್ನು ಕಟ್ಟಲು ಬಟ್ಟೆ ಸಿಗದೆ ಆ ಹಸಿರು ಪರದೆಯಲ್ಲೇ ಕಟ್ಟಿ ನನ್ನ ಕಂಕುಳಿಗೆ ಕೊಟ್ಟಳು. ಅತ್ತೆ ಮುಂದೆ, ನಾವು ಹಿಂದೆ. ಅಂಗಡಿಯವರೆಲ್ಲ ಎದ್ದು ನಿಂತು ನೋಡಿದರು. ಅತ್ತೆ ಕೈ ಬೀಸಿಕೊಂಡು ನಡೆದಳು. ದೊಡ್ಡಪ್ಪ ಬಹಳ ಹಿಂದೆ ಬರುತ್ತಿದ್ದ. ಬೀದಿಯ ತಿರುವಿನಲ್ಲಿ ಅವನ ಗೊಣಗು ಕೇಳಿಸಿತು: "ತಲೆ ಬಡಗಲಿಗೆ ಬರ್ದಂಗಾದ್ರೂ ನೋಡು. ಅಷ್ಟೇ ನಾ ಹೇಳದು."

ನದಿಗೆ ಮುಖ ಮಾಡಿದ್ದ, ಯಾತ್ರಿಕರಿಗೆ ತಂಗಲು ಕೊಡುವ ಅಗಲ ಜಗಲಿಯ ಒಂದು ಹಳೆಯ ಮನೆಯನ್ನು ಅತ್ತೆ ಒಪ್ಪಿದಳು. ಅಲ್ಲಿದ್ದ ಗಂಡಹೆಂಡತಿ ಅವಳ ಕೈಯನ್ನು ನೋಡಿ ಮುಖ ಮುಖ ನೋಡಿಕೊಂಡರು. ಅತ್ತೆ ಅವರು ನೋಡಿ ಮುಗಿಸಿ ಬಾಗಿಲು ಬಿಡುವವರೆಗೂ ನಿಂತಿದ್ದು, ಆಮೇಲೆ ನೀರು, ಮಂಚ, ಕಿಟಕಿ, ದಿಕ್ಕು ಎಲ್ಲವನ್ನೂ ತಾನು ನೋಡಿ, "ಆಗ್ಬೌದು," ಎಂದಳು.

ಬೆಳಿಗ್ಗೆ ನಾನು ಎದ್ದು ಬಂದಾಗ ಅವಳು ತಲೆಗೆ ನೀರು ಹಾಕಿಕೊಂಡು ಮುಂಬಾಗಿಲ ಜಗಲಿಯ ಮೇಲೆ ಕುಳಿತಿದ್ದಳು. ನಮ್ಮ ಕಡೆಯ ಬೇರೆ ಯಾವುದೋ ಕುಟುಂಬ ಬಂದಿಳಿದಿತ್ತು. ಅವರಲ್ಲೊಬ್ಬ ಮೆಟ್ಟಿಲವರೆಗೆ ಬಂದು, ಅವಳನ್ನೇ ಮನೆಯೊಡತಿ ಎಂದು ತಿಳಿದು, "ಅಮ್ಮಾ, ಇಲ್ಲಿ ತಂಗಬಹುದಾ?" ಎಂದು ಕೇಳಿದ. ಕೂದಲಲ್ಲಿ ಆಡುತ್ತಿದ್ದ ಅವಳ ಕೈಗಳ ಮೇಲೆ ಅವನ ಕಣ್ಣು ಬಿತ್ತು, ಅಲ್ಲೇ ನಿಂತ. ಅತ್ತೆ ಕೈ ತೆಗೆಯಲಿಲ್ಲ.

"ಒಳಗೋಗಿ ನೋಡ್ಕೊಂಡು ಬನ್ನಿ," ಎಂದಳು. "ನೋಡಕ್ಕೇನಂತೆ."

ಅವನು ಒಂದು ಗಳಿಗೆ ತಡೆದ. ಆಮೇಲೆ ಚಪ್ಪಲಿ ಕಳಚಿ, ಅವಳ ಪಕ್ಕದಲ್ಲೇ ಹಾದು ಒಳಗೆ ಹೋದ. ಅತ್ತೆ ಕೂದಲ ತುದಿ ಹಿಂಡಿದಳು. ಜಗಲಿಯ ಕಲ್ಲಿನ ಮೇಲೆ ಬಿದ್ದ ಹನಿಗಳು ಎಳೆಬಿಸಿಲಿಗೆ ಒಂದೊಂದಾಗಿ ಆರುತ್ತಿದ್ದವು.