ಓಡಿಸಿಬಿಟ್ಟ ನಮಸ್ಕಾರ

ಅಂದು ಬೆಳಿಗ್ಗೆ ಮುಗಳಖೋಡದ ಮೇಲೆ ದಟ್ಟ ಮಂಜು ಕವಿದಿತ್ತು. ಕಬ್ಬಿನ ಗಾಡಿಗಳು ಕಾಣುತ್ತಿರಲಿಲ್ಲ. ಎತ್ತಿನ ಗಂಟೆಯ ಸದ್ದು ಮಾತ್ರ ರಸ್ತೆಯಲ್ಲಿ ನಡೆದುಹೋಗುತ್ತಿತ್ತು. ತಾಲೀಮು ಎಂದು ಊರು ಕರೆಯುವ ಗರಡಿಮನೆಯ ಹೆಂಚಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಒಳಗೆ ಹನುಮಪ್ಪನ ಮುಂದೆ ದೀಪ ಹಚ್ಚಿ, ವಸ್ತಾದ ವಿಠೋಬಾ ಅಖಾಡದ ಮಣ್ಣಿಗೆ ಅರಿಶಿನ, ಮಜ್ಜಿಗೆ, ನಿಂಬೆರಸ ಕಲಸುತ್ತಿದ್ದರು. ನಲವತ್ತು ವರ್ಷದಿಂದ ಊರ ಹುಡುಗರಿಗೆ ಕುಸ್ತಿ ಕಲಿಸಿದ ಕೈ ಅದು.

"ಇವತ್ತ ನೀವಿಬ್ಬರೂ ಹಿಡೀರಿ," ಎಂದರು. "ಗೆದ್ದಾವ ತೆಲಸಂಗಕ್ಕ ಹೋಗ್ತಾನ."

ತೆಲಸಂಗದ ಜಂಗೀ ಕುಸ್ತಿಗೆ ಈ ತಾಲೀಮಿನಿಂದ ಒಬ್ಬನಿಗೇ ಜಾಗ. ನಿಂತವರು ಇಬ್ಬರು: ಸಂಗ್ರಾಮ, ಈಶ್ವರ. ಎಂಟು ವರ್ಷ ಒಂದೇ ಮಣ್ಣಿನಲ್ಲಿ ಹೊರಳಿ, ಒಂದೇ ತಾಟಿನಲ್ಲಿ ಉಂಡ ಗೆಳೆಯರು. ಹೋದ ವರ್ಷ ಹೋದವನು ಈಶ್ವರ. ಈ ವರ್ಷ ತಾನೇ ಹೋಗಬೇಕೆಂದು ಸಂಗ್ರಾಮ ಹನುಮಪ್ಪನಿಗೆ ಹರಕೆ ಹೊತ್ತಿದ್ದ.

ಆ ತಿಂಗಳು ಇಬ್ಬರ ತಲೆಯಲ್ಲೂ ಕುಸ್ತಿಗಿಂತ ಹೆಚ್ಚಾಗಿ ಒಂದು ಸಿನೆಮಾ ಕೂತಿತ್ತು. ಹಾರೂಗೇರಿಯ ಮೊಬೈಲ್ ಅಂಗಡಿಯಲ್ಲಿ ಈಶ್ವರ ಮೆಮೊರಿ ಕಾರ್ಡಿಗೆ ತುಂಬಿಸಿ ತಂದದ್ದು.

"ಯಾವ ಭಾಷಾಲೇ ಇದು?" ಎಂದು ಕೇಳಿದ್ದ ಸಂಗ್ರಾಮ.

"ಇಂಡೋನೇಶಿಯಾದ್ದಂತ."

"ಒಂದ ಮಾತೂ ತಿಳೀವಲ್ದು."

"ಒದಿಯೂದಕ್ಕ ಭಾಷಾ ಯಾಕ ಬೇಕೋ?"

ಬಡಕಲು ಮೈಯವನೊಬ್ಬ ತಮ್ಮನನ್ನು ಹುಡುಕುತ್ತ ಹಳೆಯ ಹಡಗಿನೊಳಗೆ ಇಳಿಯುತ್ತಾನೆ. ಅಂತಸ್ತಿಗೊಂದು ಗುಂಪು ಅವನ ಮೇಲೆ ಬೀಳುತ್ತದೆ. ಬಾಗಿಲು, ಸರಪಳಿ, ನೀರಿನ ಕೊಳವೆ, ಅಲ್ಲಿ ಎಲ್ಲವೂ ಆಯುಧ. ನಮ್ಮ ಸಿನೆಮಾದ ನಾಯಕರು ಒಂದೇ ಏಟಿಗೆ ಹತ್ತು ಮಂದಿಯನ್ನು ಹಾರಿಸಿ ತಲೆಗೂದಲು ಸರಿಮಾಡಿಕೊಳ್ಳುತ್ತಾರೆ. ಇವನು ಹಾಗಲ್ಲ. ಒಂದು ಏಟು ಕೊಡಲು ಮೂರು ಏಟು ತಿನ್ನುತ್ತಾನೆ, ಜಾರುತ್ತಾನೆ, ಗೋಡೆ ಹಿಡಿದು ಉಸಿರು ಎಳೆಯುತ್ತಾನೆ. "ಇಂವ ದಣೀತಾನಲೇ! ಇವನ ಖರೇ ಪೈಲ್ವಾನ," ಎಂದು ಈಶ್ವರ ತೊಡೆ ತಟ್ಟಿದ್ದ. ಮೈಯ ಭಾರ ಏನೆಂದು ತಿಳಿದವರಿಗೆ ಆ ದಣಿವೇ ಹುಚ್ಚು ಹಿಡಿಸಿತು.

ಕೊನೆಯ ಕಾಳಗಕ್ಕೆ ಮುಂಚೆ ಒಂದು ನೋಟ ಬರುತ್ತಿತ್ತು. ನಾಯಕನೂ ವೈರಿಯೂ ಚಾಕು ಕೆಳಗಿಟ್ಟು, ಕೈ ಜೋಡಿಸಿ, ಸಾವಕಾಶ ತಲೆ ಬಾಗಿಸುತ್ತಾರೆ. "ಓಡಸೋ, ಓಡಸೋ," ಎಂದು ಸಂಗ್ರಾಮ ಪ್ರತಿ ಸಲವೂ ಹೆಬ್ಬೆರಳಿನಿಂದ ಅದನ್ನು ಮುಂದೆ ತಳ್ಳಿಬಿಡುತ್ತಿದ್ದ.

ತಾಲೀಮಿನಲ್ಲಿ ಒಂದು ಪದ್ಧತಿ ಇತ್ತು. ಹಿಡಿಯುವ ಮೊದಲು ಒಬ್ಬರ ಅಂಗೈಗೆ ಒಬ್ಬರು ಹಿಡಿ ಮಣ್ಣು ಹಾಕಬೇಕು. ಕೊಟ್ಟವನ ಮೈ ಅಷ್ಟು ಹೊತ್ತು ತೆಗೆದುಕೊಂಡವನ ಜೋಪಾನದಲ್ಲಿ. ಮುಗಿದ ಮೇಲೆ ಅದೇ ಹಿಡಿ ಮಣ್ಣು ತಿರುಗಿ ಕೊಡಬೇಕು. ಕೊಡುವತನಕ ಕುಸ್ತಿ ಮುಗಿಯಲಿಲ್ಲ ಎಂದೇ ಲೆಕ್ಕ.

ಮಣ್ಣು ಕೊಟ್ಟರು, ತೆಗೆದುಕೊಂಡರು. ಹಿಡಿದರು.

ಈಶ್ವರ ಸೊಂಟಕ್ಕೆ ಕೈ ಹಾಕಿ ಸಂಗ್ರಾಮನನ್ನು ಎರಡು ಸಲ ಎತ್ತಿ ಒಗೆದ. ಮೂರನೆಯ ಸಲ ಬೆನ್ನು ಮಣ್ಣಿಗೆ ಹತ್ತಲು ನಾಲ್ಕು ಬೆರಳು ಬಾಕಿ ಇತ್ತು. ಆಗ ಸಂಗ್ರಾಮನ ಮೊಣಕೈ ತಾನಾಗಿ ಎದ್ದಿತು. ಹುಬ್ಬಿನ ಮೇಲೆ ಒಂದು, ಮೂಗಿನ ಮೇಲೆ ಒಂದು. ಈಶ್ವರನ ಹುಬ್ಬು ಸೀಳಿ ರಕ್ತ ಕಣ್ಣಿಗೆ ಇಳಿಯಿತು.

"ಲೇ! ಕುಸ್ತಿ ಇದು!" ಎಂದು ವಸ್ತಾದರು ಕೂಗಿದರು.

ಈಶ್ವರನೂ ಅದೇ ಸಿನೆಮಾ ನೋಡಿದವನೇ. ಮಂಡಿ ಎತ್ತಿ ಸಂಗ್ರಾಮನ ಪಕ್ಕೆಗೆ ಹೊಡೆದ, ಕೂದಲು ಹಿಡಿದು ತಲೆಯನ್ನು ಅಖಾಡದ ಅಂಚಿನ ಹಲಗೆಗೆ ಕುಟ್ಟಿದ. ಹಲ್ಲೊಂದು ಮುರಿದು ಸಂಗ್ರಾಮನ ನಾಲಿಗೆಯ ಮೇಲೆ ಹೊರಳಿತು. ಅದನ್ನು ಉಗುಳಿ ಅವನು ಈಶ್ವರನ ಗಂಟಲಿಗೆ ಹಾಯ್ದ. ಅರಿಶಿನದ ಮಣ್ಣು ಕೆಂಪು ಮುದ್ದೆಯಾಗುತ್ತಿತ್ತು. ಬಿಡಿಸಲು ಬಂದ ವಸ್ತಾದರು ಒಂದು ಗುದ್ದಿಗೆ ಬಾಗಿಲ ಬಳಿ ಬಿದ್ದರು.

ಕಡೆಗೆ ಸಂಗ್ರಾಮ ಗೆಳೆಯನನ್ನು ಬೋರಲು ಕೆಡವಿ, ಬಲಗೈಯನ್ನು ಹಿಂದಕ್ಕೆ ತಿರುವಿ, ಮೊಣಕೈ ಮೇಲೆ ಮಂಡಿ ಊರಿದ. ಈಶ್ವರ ಎಡಗೈಯಿಂದ ಮಣ್ಣನ್ನು ಮೂರು ಸಲ ತಟ್ಟಿದ. ತಟ್ಟಿದರೆ ಬಿಡಬೇಕು. ಸಿನೆಮಾದವನು ಬಿಟ್ಟಿರಲಿಲ್ಲ. ಸಂಗ್ರಾಮನೂ ಬಿಡಲಿಲ್ಲ; ಒತ್ತಿದ.

ಸಿನೆಮಾದಲ್ಲಿ ಎಲುಬು ಮುರಿದರೆ ಗುಡುಗಿದಂತೆ ಕೇಳುತ್ತಿತ್ತು. ಇಲ್ಲಿ ಕಬ್ಬಿನ ಗಣಿಕೆ ಮುರಿದಷ್ಟೇ ಸದ್ದು. ಆಮೇಲೆ ಹೆಂಚಿನ ಹನಿ ಕೇಳಿಸಿತು. ಆಮೇಲೆ ಈಶ್ವರನ ಕೂಗು.

ಅವನನ್ನು ಜೀಪಿನಲ್ಲಿ ದವಾಖಾನೆಗೆ ಒಯ್ದರು. ಆ ಗದ್ದಲದಲ್ಲಿ ಯಾರೂ ಯಾರಿಗೂ ಮಣ್ಣು ತಿರುಗಿ ಕೊಡಲಿಲ್ಲ.

"ಹಂಗಾರ ತೆಲಸಂಗಕ್ಕ ಯಾರ್ರಿ?" ಎಂದು ಸಂಗ್ರಾಮ ಮರುದಿನ ಊದಿದ ಬಾಯಲ್ಲಿ ಕೇಳಿದ.

"ಯಾರೂ ಇಲ್ಲ. ಕುಸ್ತಿ ಇನ್ನೂ ಮುಗದಿಲ್ಲ," ಎಂದರು ವಸ್ತಾದರು. ಬೈಯಲಿಲ್ಲ, ಬರಬೇಡ ಅನ್ನಲಿಲ್ಲ. ದಿನಾ ಬಂದು ಅವನು ಒಬ್ಬನೇ ದಂಡ ಹೊಡೆಯುತ್ತಿದ್ದ. ಅವನಿಗೆ ಜೋಡಿಯಾಗಿ ಅಖಾಡಕ್ಕೆ ಯಾರೂ ಇಳಿಯಲಿಲ್ಲ. ತೆಲಸಂಗದ ಕುಸ್ತಿಯ ದಿನ ಬಂದು ಹೋಯಿತು.

ಬಿಸಿಲು ಏರಿದ ಮೇಲೆ, ಮಾರ್ಚಿನಲ್ಲಿ, ವಸ್ತಾದರು ಒಂದು ದಿನ ಕಟ್ಟೆಯ ಮೇಲೆ ಕೂತು, "ಆ ಸಿನೆಮಾ ಹಚ್ಚೋ. ನಿನ್ನ ವಸ್ತಾದನ್ನ ನಾನೂ ನೋಡ್ತೀನಿ," ಎಂದರು.

ಸಂಗ್ರಾಮ ನಾಚಿಕೊಂಡು ಹಚ್ಚಿದ. ಮುದುಕರು ಕಣ್ಣು ಕಿರಿದು ಮಾಡಿ ಪೂರಾ ನೋಡಿದರು. "ಕಾಲ ಚಲೋ ಊರತಾನ," ಎಂದು ಮೆಚ್ಚಿದರು. ಚಾಕು ಕೆಳಗಿಡುವ ಹೊತ್ತಿಗೆ ಸಂಗ್ರಾಮನ ಹೆಬ್ಬೆರಳು ಸರಿಯಿತು.

"ಯಾಕ ಓಡಸಿದಿ?"

"ಅದರಾಗ ಏನೂ ಇಲ್ರಿ. ಬರೇ ನಮಸ್ಕಾರ."

"ಹಿಂದಕ್ಕ ತಗೋ."

ಚಿತ್ರದಲ್ಲಿ ರಕ್ತ ಸುರಿಯುವ ಇಬ್ಬರು ಕೈ ಜೋಡಿಸಿ ಬಾಗಿದರು. ಸಂಗ್ರಾಮ ಅದನ್ನು ಪೂರ್ತಿ ನೋಡಿದ್ದು ಅದೇ ಮೊದಲು. ಬಹಳ ಹೊತ್ತು ಬಾಗಿಯೇ ಇದ್ದರು.

"ಇಡೀ ಸಿನೆಮಾದಾಗ ನನಗ ತಿಳದ ಮಾತು ಇದೊಂದ ನೋಡ, ತಮ್ಮಾ," ಎಂದು ವಸ್ತಾದರು ಧೋತರ ಕೊಡವಿ ಎದ್ದುಹೋದರು.

ಸಂಗ್ರಾಮ ಅಖಾಡಕ್ಕೆ ಇಳಿದು ಒಂದು ಹಿಡಿ ಮಣ್ಣನ್ನು ಅಂಗವಸ್ತ್ರದ ತುದಿಗೆ ಕಟ್ಟಿಕೊಂಡ.

ಈಶ್ವರನ ಮನೆಯ ಬಾಗಿಲಲ್ಲಿ ಅವನ ತಾಯಿ ಶಿವಗಂಗವ್ವ ಹೊರಸಿನ ಮೇಲೆ ಶಾವಿಗೆ ಒಣಹಾಕುತ್ತಿದ್ದಳು.

"ಏನ ಮುರಿಯಾಕ ಬಂದಿಯೋ ಈಗ? ಎಡಗೈ ಒಂದ ಉಳದೈತಿ."

"ಹೌದ್ರಿ ಯವ್ವಾ," ಎಂದು ತಲೆ ತಗ್ಗಿಸಿ ನಿಂತ. ಅವಳು ಹಿಟ್ಟಿನ ಕೈ ಒರೆಸಿಕೊಂಡಳು. ಕೊನೆಗೆ ಹೊರಸನ್ನು ಬಾಗಿಲಿನಿಂದ ಸ್ವಲ್ಪ ಸರಿಸಿದಳು.

ಒಳಗಿನ ಕಂಬಕ್ಕೆ ಒರಗಿ ಈಶ್ವರ ಕೂತಿದ್ದ. ಹುಬ್ಬಿನ ಮೇಲೆ ಬಿಳಿ ಗೆರೆ. ಪಟ್ಟಿ ಬಿಚ್ಚಿದ್ದರೂ ಬಲಗೈ ಅರ್ಧಕ್ಕೇ ನಿಂತಿತ್ತು. ಸಂಗ್ರಾಮ ಅಂಗವಸ್ತ್ರದ ಗಂಟು ಬಿಚ್ಚಿದ. ಮಜ್ಜಿಗೆ, ಅರಿಶಿನದ ಹಳೆಯ ವಾಸನೆ ಮನೆಯೊಳಗೆ ಬಂತು. ಈಶ್ವರ ಚಾಚಬಹುದಾದಷ್ಟು ಬಲಗೈ ಚಾಚಿ ಅಂಗೈ ಬಿಚ್ಚಿದ. ಅದು ನಡುವಿಗೇ ನಿಂತಿತು. ಉಳಿದ ಅಂತರಕ್ಕೆ ಸಂಗ್ರಾಮ ಮುಂದೆ ಬಾಗಿ, ಮಣ್ಣನ್ನು ಅದರಲ್ಲಿ ಇಟ್ಟ.