ಉಪವಾಸ ಮುಗಿದ ಮಧ್ಯಾಹ್ನ

ಸಾರಿನ ಕೆಂಪು ಎಣ್ಣೆ ಮಣಿಕಟ್ಟಿನವರೆಗೂ ಇಳಿಯುತ್ತಿದೆ, ಈರುಳ್ಳಿಯನ್ನು ಬೆಳಗಿನಿಂದ ಬಾಡಿಸಿ ಮಾಡಿದ ಈಸ್ಟರಿನ ಕೋಳಿಸಾರು, ಇಳಿದರೆ ಇಳಿಯಲಿ, ಅಸ್ನಾಕೆಚ್ ಕೈ ಕೆಳಗಿಳಿಸುವುದಿಲ್ಲ, ಹುಳಿಹಿಟ್ಟಿನ ದೋಸೆಯಂಥ ಇಂಜೆರಾದ ಚೂರಿನಲ್ಲಿ ಮೆತ್ತನೆಯ ಮಾಂಸ ಸುತ್ತಿ ಮಗನ ತುಟಿಯ ಮುಂದೆ ಹಿಡಿದದ್ದು ಹಿಡಿದ ಹಾಗೇ ಇದೆ—ಬೆರಿಹುನ್ ಬಾಯಿ ತೆಗೆಯುತ್ತಿಲ್ಲ. ಕೈತುತ್ತು ಕೊಟ್ಟರೆ ಮೊದಲು ಬೇಡ ಬೇಡ ಅನ್ನುವುದು ಮರ್ಯಾದೆ, ಎಲ್ಲರೂ ಅನ್ನುತ್ತಾರೆ, ಅಂದು ತಿನ್ನುತ್ತಾರೆ, ಇವನ ಅಪ್ಪನೂ ಹಾಗೇ, ಬೇಡವೆನ್ನುತ್ತಲೇ ಬೆರಳು ಕಚ್ಚುವಷ್ಟು ಆತುರ, ಹೋಗಿಬಿಟ್ಟ ಪುಣ್ಯಾತ್ಮ. ಇವನು ಬೇಡ ಎಂದೂ ಅನ್ನಲಿಲ್ಲ. ತುತ್ತನ್ನೇ ನೋಡುತ್ತಿದ್ದಾನೆ. ಒಂದೇ ತಟ್ಟೆಗೆ ಕೂತ ಮಗಳು ತಿರುವೋರ್ಕ್ ತಿನ್ನುವುದನ್ನು ನಿಲ್ಲಿಸಿದ್ದಾಳೆ, ಪಕ್ಕದ ಮನೆಯ ಜೌದಿತು ನಗುತ್ತಿದ್ದಾಳೆ, ಏನಪ್ಪಾ ಸ್ವಾಮಿ, ಕ್ರಿಸ್ತನೇ ಎದ್ದು ಬಂದಾಯ್ತು, ನಿನ್ ಉಪವಾಸ ಇನ್ನೂ ಮುಗೀಲಿಲ್ವಾ?

ಐವತ್ತೈದು ದಿನದ ಉಪವಾಸ. ಡೆಸ್ಸಿ ಪಟ್ಟಣದ ಕಾಲೇಜಿನಿಂದ ಹೇಳದೆ ಕೇಳದೆ ಬಂದವನು, ರಜೆ ಅಂದ, ಯಾವ ರಜೆ ಎಂದು ಅವಳು ಕೇಳಲಿಲ್ಲ, ಮಗ ಬಂದನಲ್ಲ ಎಂದುಕೊಂಡಳು. ಉಪವಾಸ ಶುರುವಾದಂದಿನಿಂದ ಮನೆಯ ಅಡುಗೆ ಮುಟ್ಟಲಿಲ್ಲ, ಬಾರ್ಲಿ ತಾನೇ ಕೊಂಡು ತಾನೇ ಹುರಿದು ಕೋಣೆಯ ಬಾಗಿಲು ಹಾಕಿಕೊಂಡು ತಿನ್ನುತ್ತಿದ್ದ, ನೀರೂ ತಾನೇ ಹಿಡಿದು ತರುತ್ತಿದ್ದ, ಅವಳೋ ಚರ್ಚಿನ ಅಂಗಳದಲ್ಲಿ ಎದೆಯುಬ್ಬಿಸಿ ಹೇಳಿಕೊಂಡು ಬಂದಳು, ನನ್ ಮಗ ಗುಡ್ಡದ ತಪಸ್ವಿಗಳ ಹಾಗೆ ವ್ರತ ಹಿಡಿದಿದಾನೆ ಕಣ್ರೇ—ಜೌದಿತು ತನ್ನ ಮೊಮ್ಮಗಳನ್ನು ಎತ್ತಿಕೊಂಡು ಬಂದು ಅವನಿಂದ ಹರಸಿಸಿಕೊಂಡಳು ಬೇರೆ, ನಿನ್ ಹೊಟ್ಟೇಲಿ ಸಂತ ಹುಟ್ಟಿದಾನಲ್ಲೇ ಅಸ್ನಾಕೆಚ್. ಅಯ್ಯೋ, ಮಗುವಿನ ತಲೆಯ ಮೇಲಿಟ್ಟ ಅವನ ಕೈ ಹೇಗೆ ನಡುಗುತ್ತಿತ್ತು, ಭಕ್ತಿ ಎಂದರು ಎಲ್ಲರೂ, ಅವಳೂ ಭಕ್ತಿ ಎಂದಳು. ಮೈ ತೊಳೆಯದಿದ್ದದ್ದೂ ಭಕ್ತಿ, ಕಿಟಕಿಯ ಸಂದಿಗೆಲ್ಲ ಕಾಗದ ತುರುಕಿದ್ದೂ ಭಕ್ತಿ, ರೇಡಿಯೋದ ತಂತಿ ಕತ್ತರಿಸಿದ್ದು—ಒಳ್ಳೆಯದೇ ಆಯಿತು, ವ್ರತದ ದಿನಗಳಲ್ಲಿ ಹಾಡೇಕೆ. ಬಾಗಿಲ ಹಿಂದೆ ಗೊಣಗುವುದು ದಾವೀದನ ಕೀರ್ತನೆ ಎಂದುಕೊಂಡಿದ್ದಳು, ಒಂದು ದಿನ ಹಿಟ್ಟು ಜರಡಿ ಹಿಡಿಯುತ್ತ ಕಿವಿಗೊಟ್ಟರೆ ಕೀರ್ತನೆಯಲ್ಲ, ಉತ್ತರ, ಯಾರೂ ಇಲ್ಲದ ಕೋಣೆಯಲ್ಲಿ ಯಾರಿಗೋ ಉತ್ತರ, ಇಲ್ಲ ಇಲ್ಲ, ಅವಳಿಗೆ ಹೇಳಲ್ಲ, ಅವಳನ್ನ ಬಿಟ್ಬಿಡಿ—ಕೇಳಿಸಿತು, ಒಂದೊಂದು ಅಕ್ಷರವೂ ಕೇಳಿಸಿತು, ಕೇಳಿಸಿಕೊಂಡು ಅವಳು ಮತ್ತೆ ಜರಡಿ ಆಡಿಸಿದಳು. ಕಣ್ಣು ಮುಚ್ಚಿ ಕುಡಿಯುವ ಬೆಕ್ಕಿಗಾದರೂ ಹಾಲು ಸಿಗುತ್ತದೆ, ಇವಳಿಗೆ ಸಿಕ್ಕಿದ್ದೇನು? ಮಗಳು ಹೇಳಿರಲಿಲ್ಲವೇ, ಅಮ್ಮ, ಅಣ್ಣಂಗೆ ಹುಷಾರಿಲ್ಲ, ನರ್ಸಮ್ಮನ್ನ ಕೇಳ್ದೆ, ಇದೂ ಒಂದು ಕಾಯಿಲೇನಂತೆ, ಮಾತ್ರೆ ಇದೆಯಂತೆ, ತಡ ಮಾಡ್ಬೇಡಿ ಅಂದ್ರು—ಬಾಯ್ಮುಚ್ಚೇ, ಸ್ವಂತ ಅಣ್ಣನ್ನ ಹುಚ್ಚ ಅಂತೀಯಾ, ಹಬ್ಬ ಬರ್ಲಿ, ನಾಕು ತುತ್ತು ಕೋಳಿಸಾರು ಒಳಗೆ ಹೋದ್ರೆ ಎಲ್ಲ ಸರಿಹೋಗತ್ತೆ. ಹಬ್ಬ ಬಂತು. ಇನ್ನು ಹೇಳಿಕೊಳ್ಳಲು ಉಪವಾಸವೂ ಇಲ್ಲ.

ತೋಳು ಸೋಲುತ್ತಿದೆ. ನನ್ ಸಾವಿನಾಣೆ, ಬಾಯ್ ತೆಗಿ ಕಂದಾ, ಅಂದುಬಿಟ್ಟಳು, ಊಟಕ್ಕೆ ಕೂತವರನ್ನು ಒತ್ತಾಯ ಮಾಡುವಾಗ ಊರಿನ ಯಾರ ಬಾಯಲ್ಲಾದರೂ ಬರುವ ಮಾತು, ಅವನ ಮುಖದ ಬಣ್ಣವೇ ಇಳಿದುಹೋಯಿತು. ಯಾರಮ್ಮಾ? ಯಾರು ನಿನ್ನ ಸಾಯಿಸ್ತೀವಿ ಅಂದ್ರು? ಯಾರೂ ಇಲ್ವೋ, ಮಾತಿಗಂದೆ. ಅವ್ರೇ ಇದ್ರಲ್ಲಿ ಏನೋ ಹಾಕಿದ್ದಾ? ಜೌದಿತುವಿನ ನಗು ಅರ್ಧಕ್ಕೆ ನಿಂತಿತು, ಎದೆಯ ಮೇಲೆ ಶಿಲುಬೆ ಬರೆದುಕೊಂಡಳು, ಬರೆದುಕೊಳ್ಳಲಿ, ನಾಳೆ ಊರಿಗೆಲ್ಲ ಹೇಳಲಿ. ಹಾಕಿದ್ದು ನಾನು, ಖಾರ ಕುಟ್ಟಿದ್ದು ನಾನು, ನೋಡು, ನಾನೇ ತಿಂತೀನಿ ನೋಡು—ತುತ್ತನ್ನು ತನ್ನ ಬಾಯಿಗೇ ಹಾಕಿಕೊಂಡಳು, ಅಗಿದಳು, ಅಗಿಯುವಾಗಲೇ ಅವನು ಹೌಹಾರಿ ಎದ್ದ, ತಟ್ಟೆ ಮಗುಚಿತು, ಒಂದು ಕೈಯಲ್ಲಿ ಅವಳ ದವಡೆ ಹಿಡಿದು ಇನ್ನೊಂದರ ಬೆರಳುಗಳನ್ನು ಬಾಯೊಳಗೆ ತೂರಿಸಿದ, ಉಗಿ ಅಮ್ಮಾ, ಉಗಿ, ನಿನ್ನ ಮಾತ್ರ ಬಿಟ್ಬಿಡಿ ಅಂತ ಅವ್ರನ್ನ ದಿನಾ ಬೇಡ್ಕೋತಿದ್ನಲ್ಲಮ್ಮ, ಉಗಿ—ಅಳುತ್ತಿದ್ದಾನೆ, ಏಳು ವರ್ಷದವನಿದ್ದಾಗ ಅತ್ತ ಹಾಗೆ ಬಾಯಿ ಸೊಟ್ಟಗೆ ಮಾಡಿ ಅಳುತ್ತಿದ್ದಾನೆ, ನೋಯಿಸುತ್ತಿಲ್ಲ, ಹಲ್ಲಿನ ಸಂದಿಯಿಂದ ಮಾಂಸದ ಎಳೆಯನ್ನು ಒಂದೊಂದಾಗಿ ಬಿಡಿಸುತ್ತಿದ್ದಾನೆ, ಇಷ್ಟು ದಿನ ಇವನು ಆ ಕೋಣೆಯಲ್ಲಿ ಒಬ್ಬನೇ ನನಗೆ ಕಾವಲು ಕೂತಿದ್ದನೇ, ನಾನು ಹೊರಗೆ ಅವನ ಹೆಸರಲ್ಲಿ ಮೆರೆಯುತ್ತಿದ್ದೆನೇ, ತಿರುವೋರ್ಕ್, ಏಳು ಮಗಳೇ, ನರ್ಸಮ್ಮನ ಮನೆಗೆ ಓಡು, ನೀನು ಅಂದದ್ದೇ ನಿಜ, ನಿನ್ನಣ್ಣನಿಗೆ ಕಾಯಿಲೆ—ಹೇಳಬೇಕು, ಜೋರಾಗಿ ಹೇಳಬೇಕು, ಜೌದಿತುವಿಗೂ ಕೇಳಿಸುವ ಹಾಗೆ ಹೇಳಬೇಕು, ಹೇಳಲು ಬಾಯಿಗೆ ಬಿಡುವಿಲ್ಲ, ಬಾಯಿ ತುಂಬ ಬೆರಳು, ಮಗನ ಬೆರಳು, ನಡುಗುವ ಬೆರಳು, ಬೆರಳು—